ಮಂಡಲ ಫಲಕದ ನಕ್ಷೆ: ಕಪ್ಪು ಟೇಪಿನಿಂದ ಮುಕ್ತ ತಂತ್ರಾಂಶದವರೆಗೆ

ಮನೆಯ ಮೂಲೆ ಸೇರಿದ ಹಳೆಯ ರೇಡಿಯೊ ಇದ್ದರೆ ಅದರ ಹಿಂಬದಿಯ ಮುಚ್ಚಳವನ್ನು ಬಿಚ್ಚಿ ನೋಡಿ. ವಿದ್ಯುತ್ ಸಂಪರ್ಕ ಇಲ್ಲವೆಂಬುದನ್ನು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ. ಒಳಗೆ ಕಂದು ಅಥವಾ ಹಸಿರು ಬಣ್ಣದ ಒಂದು ಹಲಗೆ ಕಾಣುತ್ತದೆ. ಒಂದು ಬದಿಯಲ್ಲಿ ರೋಧಕ, ಧಾರಕ, ಟ್ರಾನ್ಸಿಸ್ಟರುಗಳು. ಇನ್ನೊಂದು ಬದಿಯಲ್ಲಿ ಅವುಗಳನ್ನು ಕೂಡಿಸುವ ತಾಮ್ರದ ಹಾದಿಗಳು. ಇದೇ ಮುದ್ರಿತ ಮಂಡಲ ಫಲಕ, ಬಳಕೆಯ ಮಾತಿನಲ್ಲಿ ಪಿ.ಸಿ.ಬಿ. ಈ ಹಾದಿಗಳನ್ನು ಯಾರು ಬರೆದರು? ಯಾವ ಸಾಧನದಿಂದ ಬರೆದರು? ಹತ್ತು ವರ್ಷಗಳ ಬಳಿಕ ಅದೇ ಫಲಕದಲ್ಲಿ ಸಣ್ಣ ಬದಲಾವಣೆ ಬೇಕಾದರೆ ಆ ನಕ್ಷೆ ನಮ್ಮ ಕೈಗೆ ಸಿಕ್ಕೀತೆ?

ಮೂರನೆಯ ಪ್ರಶ್ನೆ ನನ್ನ ಪಾಲಿಗೆ ಅನುಭವದಿಂದ ಬಂದದ್ದು. 1990ರ ದಶಕದ ಕೊನೆಯಲ್ಲಿ ನಮ್ಮ ವಿಭಾಗದ ಪ್ರಯೋಗಶಾಲೆಗೆ ಒಂದು ಸ್ಥಿರ ವಿದ್ಯುತ್ಪ್ರವಾಹ ಆಕರವನ್ನು ನಾವೇ ತಯಾರಿಸಿದೆವು. ನಾಲ್ಕು ಶೋಧಕಗಳ ವಿಧಾನದಿಂದ ಅರೆವಾಹಕದ ರೋಧಶೀಲತೆಯನ್ನು ಅಳೆಯಲು ಅದು ಬೇಕಾಗಿತ್ತು. ಫಲಕದ ನಕ್ಷೆಯನ್ನು ಗಣಕದಲ್ಲಿಯೇ ಬರೆದಿದ್ದೆವು. ಆ ತಂತ್ರಾಂಶ ನಡೆಯಬೇಕಾದರೆ ಗಣಕದ ಪ್ರಿಂಟರ್ ಪೋರ್ಟಿಗೆ ಡಾಂಗಲ್ ಎಂಬ ಪುಟ್ಟ ಬೀಗವನ್ನು ಸಿಕ್ಕಿಸಬೇಕಾಗಿತ್ತು. ಹನ್ನೆರಡು ವರ್ಷಗಳ ನಂತರ ಇನ್ನೂ ಆರು ಆಕರಗಳು ಬೇಕಾದವು. ಹಳೆಯ ಅಳತೆಯ ಟ್ರಾನ್ಸ್‌ಫಾರ್ಮರ್ ಅಷ್ಟು ಹೊತ್ತಿಗೆ ಮಾರುಕಟ್ಟೆಯಲ್ಲಿ ಇರಲಿಲ್ಲ. ಹೊಸದರ ಕಾಲುಗಳಿಗೆ ತಕ್ಕಂತೆ ನಾಲ್ಕು ರಂಧ್ರಗಳನ್ನು ಸರಿಸಿದರೆ ಸಾಕಿತ್ತು. ಕಡತವೇನೋ ಜೋಪಾನವಾಗಿತ್ತು. ಆದರೆ ಹೊಸ ಗಣಕಗಳಲ್ಲಿ ಆ ಪೋರ್ಟೇ ಇರಲಿಲ್ಲ, ತಂತ್ರಾಂಶ ಮಾರಿದವರೂ ಆ ವ್ಯವಹಾರದಲ್ಲಿ ಉಳಿದಿರಲಿಲ್ಲ. ನಮಗೆ ಉಳಿದದ್ದು ಫಲಕ ಮಾಡಿಸಲು ಬಳಸಿದ ಫಿಲ್ಮ್ ಮಾತ್ರ. ಅದರಿಂದ ಹಳೆಯ ಫಲಕವನ್ನೇ ಎಷ್ಟು ಬೇಕಾದರೂ ಮಾಡಿಸಬಹುದು, ಆದರೆ ಒಂದು ರಂಧ್ರವನ್ನೂ ಕದಲಿಸಲಾಗದು. ಬೆಂದ ಅನ್ನವನ್ನು ಬಿತ್ತಿ ಪೈರು ತೆಗೆಯಲಾದೀತೆ? ಇಬ್ಬರು ವಿದ್ಯಾರ್ಥಿಗಳು ಮೂರು ವಾರ ಕುಳಿತು ಇಡೀ ನಕ್ಷೆಯನ್ನು ಹೊಸದಾಗಿ ಬರೆದರು.

ಸಣ್ಣ ಎಲೆಕ್ಟ್ರಾನಿಕ್ ಸಾಧನಗಳನ್ನು ತಯಾರಿಸುವವರು ಯಾವ ತಂತ್ರಾಂಶವನ್ನು ಆರಿಸಬೇಕು ಎಂದು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಉತ್ತರ ತಿಳಿಯಬೇಕಾದರೆ ಈ ನಕ್ಷೆಗಳು ನಡೆದುಬಂದ ದಾರಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಮುದ್ರಣಾಲಯದಿಂದ ಬಂದ ಉಪಾಯ

ಪಾಲ್ ಐಸ್ಲರ್ ಹುಟ್ಟಿದ್ದು 1907ರಲ್ಲಿ, ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ. ಎಂಜಿನಿಯರಿಂಗ್ ಓದಿದ್ದ ಆತನಿಗೆ ಮುದ್ರಣ ತಂತ್ರದ ಪರಿಚಯವೂ ಇತ್ತು. ಯೆಹೂದಿಯಾದ ಆತ 1936ರಲ್ಲಿ ಇಂಗ್ಲೆಂಡಿಗೆ ಬಂದ. ಆ ಕಾಲದ ರೇಡಿಯೊಗಳಲ್ಲಿ ಪ್ರತಿಯೊಂದು ತಂತಿಯನ್ನೂ ಕೈಯಿಂದಲೇ ಬೆಸೆಯಬೇಕಾಗಿತ್ತು. ಪುಸ್ತಕದ ಪುಟವನ್ನು ಮುದ್ರಿಸುವಂತೆ ತಂತಿಗಳ ಜಾಲವನ್ನೂ ಮುದ್ರಿಸಲಾಗದೆ ಎಂಬುದು ಐಸ್ಲರನ ಯೋಚನೆ. ಅವಾಹಕ ಹಲಗೆಗೆ ತಾಮ್ರದ ತೆಳು ಹಾಳೆ ಅಂಟಿಸುವುದು, ಬೇಕಾದ ಹಾದಿಗಳನ್ನು ಆಮ್ಲ ತಾಗದ ಶಾಯಿಯಿಂದ ಅದರ ಮೇಲೆ ಮುದ್ರಿಸುವುದು, ಉಳಿದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿಬಿಡುವುದು: ಇಷ್ಟೇ ವಿಧಾನ. ಆತ ಇದನ್ನು ತೋರಿಸಿದಾಗ ಕಂಪನಿಯೊಂದು ತಂತಿ ಬೆಸೆಯುವ ಹೆಣ್ಣುಮಕ್ಕಳ ದುಡಿಮೆ ಇದಕ್ಕಿಂತ ಅಗ್ಗವೆಂದು ತಳ್ಳಿಹಾಕಿತಂತೆ. 1943ರಲ್ಲಿ ಆತ ಪೇಟೆಂಟಿಗೆ ಅರ್ಜಿ ಸಲ್ಲಿಸಿದ.

ಯುದ್ಧ ಮುಗಿದ ಮೇಲೆ ಈ ವಿಧಾನ ನಾಗರಿಕ ಬಳಕೆಗೆ ಹರಡಿತು. ಘಟಕಗಳ ಕಾಲುಗಳನ್ನು ರಂಧ್ರಗಳಲ್ಲಿ ತೂರಿಸಿ, ಫಲಕದ ಅಡಿಭಾಗವನ್ನು ಕರಗಿದ ಬೆಸುಗೆಯಲ್ಲಿ ಅದ್ದಿ, ಎಲ್ಲ ಕೂಡುಗಳನ್ನೂ ಒಂದೇ ಸಲಕ್ಕೆ ಬೆಸೆಯುವ ಕ್ರಮವನ್ನು ಅಮೆರಿಕದ ಸೇನೆಯ ಸಿಗ್ನಲ್ ದಳದವರು ರೂಪಿಸಿದರು. ಅದಕ್ಕೆ ಪೇಟೆಂಟ್ ದೊರೆತದ್ದು 1956ರಲ್ಲಿ. ಅಲ್ಲಿಂದ ಮುಂದೆ ಫಲಕವನ್ನು ತಯಾರಿಸುವುದು ಸುಲಭವಾಯಿತು. ಕಷ್ಟವಾಗಿ ಉಳಿದದ್ದು ಅದರ ನಕ್ಷೆ ಬರೆಯುವ ಕೆಲಸ.

ಬೆಳಕಿನ ಮೇಜು, ಕಪ್ಪು ಟೇಪು

ಗಣಕ ಬರುವ ಮೊದಲು ನಕ್ಷೆ ಬರೆಯುತ್ತಿದ್ದುದು ಹೀಗೆ. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಒಂದು ಇಂಚಿನ ಹತ್ತನೆಯ ಒಂದು ಭಾಗದ, ಅಂದರೆ 2.54 ಮಿಲಿಮೀಟರಿನ ಚೌಕಗಳಿರುವ ಹಾಳೆ. ಅದರ ಮೇಲೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆ. ಘಟಕಗಳ ಕಾಲು ಬರುವಲ್ಲಿ ಕಪ್ಪು ಬಿಲ್ಲೆಗಳನ್ನು ಅಂಟಿಸಬೇಕು, ಹಾದಿ ಬರುವಲ್ಲಿ ಕಪ್ಪು ಟೇಪನ್ನು ಎಳೆದು ಚೂಪಾದ ಚಾಕುವಿನಿಂದ ಕತ್ತರಿಸಬೇಕು. ಎರಡೂ ಬದಿಯಲ್ಲಿ ತಾಮ್ರವಿರುವ ಫಲಕವಾದರೆ ಒಂದೇ ಹಾಳೆಯಲ್ಲಿ ಒಂದು ಬದಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಟೇಪು ಅಂಟಿಸಿ, ಬಣ್ಣದ ಶೋಧಕದ ಮೂಲಕ ಬೇರೆ ಬೇರೆಯಾಗಿ ಛಾಯಾಚಿತ್ರ ತೆಗೆಯುವ ಕ್ರಮವೂ ಇತ್ತು.

ನಕ್ಷೆಯನ್ನು ನಿಜವಾದ ಅಳತೆಯ ಎರಡರಷ್ಟು ಅಥವಾ ನಾಲ್ಕರಷ್ಟು ದೊಡ್ಡದಾಗಿ ಬರೆದು, ಆಮೇಲೆ ಕ್ಯಾಮೆರಾದಲ್ಲಿ ಕುಗ್ಗಿಸುತ್ತಿದ್ದರು. ಇದಕ್ಕೆ ಕಾರಣವೇನು? ಕೈ ತಪ್ಪಿ ಟೇಪು ಅರ್ಧ ಮಿಲಿಮೀಟರ್ ಸರಿದರೂ, ನಾಲ್ಕರಷ್ಟು ದೊಡ್ಡ ನಕ್ಷೆಯಲ್ಲಿ ಆ ದೋಷ ಫಲಕದ ಮೇಲೆ 0.125 ಮಿಲಿಮೀಟರಿಗೆ ಇಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ಇಪ್ಪತ್ತರಿಂದ ಭಾಗಿಸುತ್ತೇವಲ್ಲ, ಅದೇ ಉಪಾಯ ಇಲ್ಲಿಯೂ.

ಈ ಕಲೆಯನ್ನು ನಮ್ಮ ದೇಶದಲ್ಲಿ ಶಾಸ್ತ್ರೀಯವಾಗಿ ಕಲಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸ್ವಿಟ್ಜರ್ಲೆಂಡಿನ ನೆರವಿನಿಂದ 1974ರಲ್ಲಿ ಅಲ್ಲಿ ಆರಂಭವಾದ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನ ಕೇಂದ್ರ ಅನೇಕರಿಗೆ ತರಬೇತಿ ನೀಡಿತು. ವಾಲ್ಟರ್ ಬಾಸ್‌ಹಾರ್ಟ್ ಬರೆದ, 1983ರಲ್ಲಿ ಪ್ರಕಟವಾದ ಮುದ್ರಿತ ಮಂಡಲ ಫಲಕಗಳ ಪಠ್ಯ ಆ ಕೇಂದ್ರದ ಮಾಲೆಯಲ್ಲಿ ಬಂದದ್ದು. ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿ ಅದು ಇಂದಿಗೂ ಸಿಗುತ್ತದೆ.

ಟೇಪಿನ ನಕ್ಷೆಗೆ ಒಂದು ದೊಡ್ಡ ಗುಣವಿತ್ತು. ಅದನ್ನು ತೆರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೂವತ್ತು ವರ್ಷ ಕಳೆದ ಮೇಲೂ ಹಾಳೆಯನ್ನು ಬೆಳಕಿಗೆ ಹಿಡಿದರೆ ಎಲ್ಲವೂ ಕಾಣುತ್ತಿತ್ತು. ಹಾಗೆಯೇ ಒಂದು ದೊಡ್ಡ ದೋಷವೂ ಇತ್ತು. ಯಾವ ಕಾಲು ಯಾವ ಕಾಲಿಗೆ ಸೇರಬೇಕೆಂಬ ಜ್ಞಾನ ಹಾಳೆಯಲ್ಲಿ ಇರಲಿಲ್ಲ, ಬರೆದವನ ತಲೆಯಲ್ಲಿ ಇತ್ತು. ಒಂದು ಹಾದಿ ತಪ್ಪಿದರೆ ಫಲಕ ತಯಾರಾದ ಮೇಲೆಯೇ ತಿಳಿಯುತ್ತಿತ್ತು.

ಬೆಳಕಿನಿಂದ ಬರೆಯುವ ಯಂತ್ರ

ಮುಂದಿನ ಹೆಜ್ಜೆ ಇಟ್ಟವನೂ ವಿಯೆನ್ನಾದವನೇ. ಜೋಸೆಫ್ ಗರ್ಬರ್ 1924ರಲ್ಲಿ ಹುಟ್ಟಿದ. ನಾಟ್ಸಿಗಳ ಹಿಂಸೆಯಿಂದ ಪಾರಾಗಿ ತಾಯಿಯೊಡನೆ 1940ರಲ್ಲಿ ಅಮೆರಿಕ ಸೇರಿದ. ವಿದ್ಯಾರ್ಥಿಯಾಗಿದ್ದಾಗ ಪೈಜಾಮದ ಎಲಾಸ್ಟಿಕ್ಕನ್ನು ಹಿಗ್ಗುವ ಅಳತೆಪಟ್ಟಿಯಾಗಿ ಬಳಸಿ, ಆ ಯೋಚನೆಯಿಂದಲೇ ತನ್ನ ಮೊದಲ ಉಪಕರಣವನ್ನು ಕಂಡುಹಿಡಿದ ಚತುರ ಆತ. 1960ರ ದಶಕದಲ್ಲಿ ಆತನ ಕಂಪನಿ ಫೋಟೊಪ್ಲಾಟರ್ ಎಂಬ ಯಂತ್ರವನ್ನು ತಂದಿತು. ಛಾಯಾಚಿತ್ರದ ಫಿಲ್ಮಿನ ಮೇಲೆ ಬೆಳಕಿನ ಚುಕ್ಕೆಯೊಂದು ಓಡಾಡಿ ನಕ್ಷೆಯನ್ನು ಬರೆಯುತ್ತಿತ್ತು. ಬೆಳಕಿನ ಮುಂದೆ ಬೇರೆ ಬೇರೆ ಆಕಾರದ ಕಿಂಡಿಗಳಿರುವ ಚಕ್ರ. ಹಾದಿಯ ಅಗಲಕ್ಕೆ ತಕ್ಕ ಕಿಂಡಿಯನ್ನು ಚಕ್ರ ತಿರುಗಿಸಿ ಆರಿಸಬೇಕು.

ಯಂತ್ರಕ್ಕೆ ಆಜ್ಞೆ ಕೊಡಲು ಒಂದು ಸರಳ ಭಾಷೆ ಬೇಕಾಯಿತು. ಡಿ01 ಎಂದರೆ ಬೆಳಕು ಹೊತ್ತಿಸಿಕೊಂಡು ಸಾಗು. ಡಿ02 ಎಂದರೆ ಬೆಳಕು ಆರಿಸಿ ಸಾಗು. ಡಿ03 ಎಂದರೆ ನಿಂತಲ್ಲೇ ಒಮ್ಮೆ ಮಿನುಗು. ಉಳಿದದ್ದು ಬಿಂದುಗಳ ನಿರ್ದೇಶಾಂಕಗಳು. ಈ ಭಾಷೆಯ ವಿವರಗಳನ್ನು ಕಂಪನಿ 1980ರಲ್ಲಿ ಪ್ರಕಟಿಸಿತು. ಮುಂದೆ ಫೋಟೊಪ್ಲಾಟರುಗಳನ್ನು ಮಾಡಿದ ಬೇರೆ ಕಂಪನಿಗಳೂ ಇದೇ ಭಾಷೆಯನ್ನು ಹಿಡಿದವು. ಕಿಂಡಿಗಳ ವಿವರವನ್ನೂ ಕಡತದೊಳಗೇ ಸೇರಿಸಿದ ವಿಸ್ತೃತ ರೂಪದ ಕೈಪಿಡಿ 1998ರಲ್ಲಿ ಬಂದಿತು. ಇದನ್ನು ಈಗ ಬೆಲ್ಜಿಯಂನ ಯುಕಾಮ್ಕೊ ಕಂಪನಿ ನೋಡಿಕೊಳ್ಳುತ್ತಿದ್ದು, ವಿವರಗಳನ್ನು ಯಾರು ಬೇಕಾದರೂ ಓದಬಹುದು. ಕಿಂಡಿಯ ಚಕ್ರ ಮರೆಯಾಗಿ ಲೇಸರ್ ಬಂದಿದೆ. ಆದರೆ ನೀವು ಇಂದು ಯಾವ ತಯಾರಕರಿಗೆ ಫಲಕದ ಕೆಲಸ ಕೊಟ್ಟರೂ ಅವರು ಕೇಳುವುದು ಸಾಮಾನ್ಯವಾಗಿ ಗರ್ಬರ್ ಕಡತವನ್ನೇ. ಅದರಲ್ಲಿ ಇಂದಿಗೂ ಡಿ01, ಡಿ02, ಡಿ03 ಇವೆ. ಈ ನಡುವೆ ಎಷ್ಟೋ ತಂತ್ರಾಂಶಗಳು ಬಂದು ಹೋದವು, ಈ ಭಾಷೆ ಮಾತ್ರ ನಿಂತಿತು. ಸರಳವಾಗಿದ್ದುದು, ಪ್ರಕಟವಾಗಿದ್ದುದು ಎರಡೂ ಇದಕ್ಕೆ ಕಾರಣ.

ದಾರಿ ಹುಡುಕುವ ಅಲೆ

ಬರೆಯುವ ಕೆಲಸ ಯಂತ್ರದ್ದಾಯಿತು. ದಾರಿ ಹುಡುಕುವ ಕೆಲಸವನ್ನೂ ಗಣಕಕ್ಕೆ ಒಪ್ಪಿಸಬಹುದೆ? ಬೆಲ್ ಪ್ರಯೋಗಾಲಯದ ಸಿ. ವೈ. ಲೀ 1961ರಲ್ಲಿ ಇದಕ್ಕೊಂದು ವಿಧಾನವನ್ನು ಪ್ರಕಟಿಸಿದ. ಫಲಕವನ್ನು ಸಣ್ಣ ಚೌಕಗಳಾಗಿ ಭಾಗಿಸಿ. ಹೊರಡುವ ಚೌಕದ ನೆರೆಯ ಚೌಕಗಳಿಗೆ 1 ಎಂದೂ ಅವುಗಳ ನೆರೆಯವಕ್ಕೆ 2 ಎಂದೂ ಬರೆಯುತ್ತ ಹೋಗಿ. ಅಡ್ಡಿಯಿರುವ ಚೌಕಗಳನ್ನು ಬಿಡಿ. ಹೈಗನ್ಸ್ ಹೇಳಿದ ಅಲೆಯ ಮುಂಬದಿಯಂತೆ ಅಂಕಿಗಳು ಹರಡಿ ಕೊನೆಗೆ ಗುರಿಯನ್ನು ಮುಟ್ಟುತ್ತವೆ. ಅಲ್ಲಿಂದ ಅಂಕಿಗಳು ಇಳಿಯುವ ದಿಕ್ಕಿನಲ್ಲಿ ಹಿಂದಿರುಗಿದರೆ ಅದೇ ಅತಿ ಹತ್ತಿರದ ದಾರಿ. ದಾರಿ ಇದ್ದರೆ ಈ ವಿಧಾನ ಅದನ್ನು ಖಂಡಿತ ಹುಡುಕುತ್ತದೆ. ಚೌಕದ ಹಾಳೆ ಮತ್ತು ಪೆನ್ಸಿಲ್ ಇದ್ದರೆ ತರಗತಿಯಲ್ಲಿಯೇ ಇದನ್ನು ಮಾಡಿ ತೋರಿಸಬಹುದು.

ತೊಡಕಿರುವುದು ನೆನಪಿನ ಕೋಶದಲ್ಲಿ. 100 ಮಿಲಿಮೀಟರ್ ಉದ್ದ, 80 ಮಿಲಿಮೀಟರ್ ಅಗಲದ ಎರಡು ಪದರಗಳ ಫಲಕವನ್ನು ತೆಗೆದುಕೊಳ್ಳಿ. ಚೌಕದ ಬದಿ 0.635 ಮಿಲಿಮೀಟರ್ ಆದರೆ ಸುಮಾರು 40 ಸಾವಿರ ಚೌಕಗಳು. ಬದಿಯನ್ನು ಐದರಲ್ಲಿ ಒಂದು ಭಾಗಕ್ಕೆ, ಅಂದರೆ 0.127 ಮಿಲಿಮೀಟರಿಗೆ ಇಳಿಸಿದರೆ ಚೌಕಗಳ ಸಂಖ್ಯೆ 25 ಪಟ್ಟು ಹೆಚ್ಚಿ ಸುಮಾರು 10 ಲಕ್ಷವಾಗುತ್ತದೆ. ಚೌಕಕ್ಕೆ ಒಂದು ಬೈಟ್ ಎಂದರೂ 1980ರ ದಶಕದ ವೈಯಕ್ತಿಕ ಗಣಕದ 640 ಕಿಲೊಬೈಟಿನಲ್ಲಿ ಅದು ಹಿಡಿಸದು. ಹೀಗಾಗಿ ಆ ಕಾಲದ ಸಣ್ಣ ತಂತ್ರಾಂಶಗಳಿಗೆ ದೊಡ್ಡ ಚೌಕಗಳೇ ಗತಿಯಾಗಿದ್ದವು.

ಆದರೆ ಗಣಕ ತಂದ ನಿಜವಾದ ಲಾಭ ಬೇರೆಯದು. ಮೊದಲು ಮಂಡಲದ ಚಿತ್ರ ಬರೆದರೆ ಯಾವ ಕಾಲು ಯಾವುದಕ್ಕೆ ಸೇರಬೇಕೆಂಬ ಪಟ್ಟಿಯನ್ನು ಕ್ರಮವಿಧಿಯೇ ತಯಾರಿಸುತ್ತದೆ. ಇದಕ್ಕೆ ನೆಟ್‌ಲಿಸ್ಟ್ ಎಂದು ಹೆಸರು. ಫಲಕದ ನಕ್ಷೆ ಈ ಪಟ್ಟಿಗೆ ಹೊಂದುತ್ತದೆಯೇ, ಎರಡು ಹಾದಿಗಳ ನಡುವೆ ಸಾಕಷ್ಟು ಅಂತರವಿದೆಯೇ ಎಂಬುದನ್ನು ತಾನಾಗಿಯೇ ಪರೀಕ್ಷಿಸುತ್ತದೆ. ಹಿಂದೆ ಬರೆದವನ ತಲೆಯಲ್ಲಿದ್ದ ಜ್ಞಾನ ಈಗ ಕಡತಕ್ಕೆ ಇಳಿಯಿತು. ಆ ಕಡತವನ್ನು ತೆರೆಯುವ ಕೀಲಿಕೈ ಯಾರ ಬಳಿ ಎಂಬ ಪ್ರಶ್ನೆ ಹುಟ್ಟಿದ್ದೂ ಆಗಲೇ.

ಮೇಜಿನ ಮೇಲಿನ ಗಣಕ

1985ರಲ್ಲಿ ಎರಡು ಕಂಪನಿಗಳು ಹುಟ್ಟಿದವು: ಅಮೆರಿಕದ ಆರಿಗನ್ ರಾಜ್ಯದಲ್ಲಿ ಆರ್‌ಕ್ಯಾಡ್, ಆಸ್ಟ್ರೇಲಿಯದ ಟಾಸ್ಮೇನಿಯಾ ದ್ವೀಪದಲ್ಲಿ ಪ್ರೊಟೆಲ್. ದೊಡ್ಡ ಕಾರ್ಖಾನೆಗಳ ದುಬಾರಿ ಯಂತ್ರಗಳಲ್ಲಿ ಮಾತ್ರ ಸಾಧ್ಯವಿದ್ದ ಕೆಲಸವನ್ನು ಇವು ಸಾಮಾನ್ಯ ಗಣಕಕ್ಕೆ ತಂದವು. ಆರ್‌ಕ್ಯಾಡ್ 1999ರಲ್ಲಿ ಕೇಡೆನ್ಸ್ ಕಂಪನಿಯ ಪಾಲಾಯಿತು. ಪ್ರೊಟೆಲ್ 2001ರಲ್ಲಿ ಆಲ್ಟಿಯಂ ಎಂದು ಹೆಸರು ಬದಲಿಸಿಕೊಂಡಿತು. 2024ರಲ್ಲಿ ಜಪಾನಿನ ರೆನೆಸಾಸ್ ಅದನ್ನು ಕೊಂಡುಕೊಂಡಿತು.

ಸಣ್ಣ ತಯಾರಕರಿಗೂ ಹವ್ಯಾಸಿಗಳಿಗೂ ಹೆಚ್ಚು ಹತ್ತಿರವಾದದ್ದು ಜರ್ಮನಿಯ ಕ್ಯಾಡ್‌ಸಾಫ್ಟ್ ಕಂಪನಿ 1988ರಲ್ಲಿ ತಂದ ಈಗಲ್. 100 x 80 ಮಿಲಿಮೀಟರ್ ಅಳತೆ ಮತ್ತು ಎರಡು ಪದರಗಳ ಮಿತಿಯೊಳಗೆ ಅದರ ಒಂದು ಆವೃತ್ತಿ ಉಚಿತವಾಗಿ ಸಿಗುತ್ತಿತ್ತು. ಇಟಲಿಯಲ್ಲಿ 2005ರಲ್ಲಿ ಹುಟ್ಟಿ, ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲೂ ಇರುವ ಆರ್ಡುಯಿನೊ ಫಲಕಗಳ ನಕ್ಷೆಗಳು ಹೊರಬಂದದ್ದು ಈಗಲ್ ಕಡತಗಳಾಗಿಯೇ. 2012ರ ಆರನೆಯ ಆವೃತ್ತಿಯಲ್ಲಿ ಈಗಲ್ ಒಂದು ಮುಖ್ಯ ಬದಲಾವಣೆ ಮಾಡಿತು. ಅದುವರೆಗೆ ಆ ಕ್ರಮವಿಧಿಗೆ ಮಾತ್ರ ಅರ್ಥವಾಗುತ್ತಿದ್ದ ಕಡತದ ಬದಲು, ಎಕ್ಸ್.ಎಂ.ಎಲ್. ಎಂಬ, ಯಾರು ಬೇಕಾದರೂ ತೆರೆದು ಓದಬಹುದಾದ ಪಠ್ಯರೂಪವನ್ನು ತಂದಿತು.

ಇದರ ಬೆಲೆ ಆಮೇಲೆ ತಿಳಿಯಿತು. 2016ರಲ್ಲಿ ಆಟೊಡೆಸ್ಕ್ ಕಂಪನಿ ಈಗಲನ್ನು ಕೊಂಡಿತು. 2017ರಲ್ಲಿ ಒಮ್ಮೆ ಹಣ ಕೊಟ್ಟು ಕೊಳ್ಳುವ ಪದ್ಧತಿ ಹೋಗಿ ಚಂದಾ ಪದ್ಧತಿ ಬಂತು. 2026ರ ಜೂನ್ 7ರ ನಂತರ ಈಗಲ್ ಪ್ರತ್ಯೇಕ ತಂತ್ರಾಂಶವಾಗಿ ದೊರೆಯುವುದಿಲ್ಲವೆಂದು 2023ರಲ್ಲಿ ಪ್ರಕಟಣೆ ಹೊರಟಿತು. ಮೂರೂವರೆ ದಶಕಗಳಲ್ಲಿ ಜಗತ್ತಿನಾದ್ಯಂತ ಬರೆದ ನಕ್ಷೆಗಳ ಗತಿಯೇನು? ಕಡತ ಪಠ್ಯರೂಪದಲ್ಲಿದ್ದುದರಿಂದ ಬೇರೆ ತಂತ್ರಾಂಶಗಳು ಅದನ್ನು ಓದಲು ಕಲಿತಿದ್ದವು. 2012ಕ್ಕಿಂತ ಹಿಂದಿನ ಈಗಲ್ ಕಡತಗಳು ನಿಮ್ಮಲ್ಲಿದ್ದರೆ ಹೊಸ ಆವೃತ್ತಿ ಇರುವ ಗಣಕದಲ್ಲಿ ಅವನ್ನು ತೆರೆದು ಮತ್ತೆ ಉಳಿಸಿಡಿ. ಆ ಗಣಕ ಕೆಟ್ಟ ಮೇಲೆ ಚಿಂತಿಸಿ ಫಲವಿಲ್ಲ.

ಕನ್ನಡದ ಓದುಗರಿಗೆ ಈ ಸಂಕಟ ಹೊಸದೇನಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ಕನ್ನಡ ತಂತ್ರಾಂಶಕ್ಕೂ ಒಂದೊಂದು ಸಂಕೇತ ಪದ್ಧತಿ ಇತ್ತು. ಆಗ ಟೈಪು ಮಾಡಿಟ್ಟ ಲೇಖನವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕಡತ ಇದೆ, ಕನ್ನಡವಿಲ್ಲ.

ಗ್ರೆನೋಬಲ್‌ನಿಂದ ಜಿನೀವಾಕ್ಕೆ

ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಅಧ್ಯಾಪಕರಾಗಿದ್ದ ಝಾನ್ ಪಿಯೆರ್ ಶಾರಾ 1992ರಲ್ಲಿ ಕಿಕ್ಯಾಡ್ ಎಂಬ ತಂತ್ರಾಂಶವನ್ನು ಬರೆಯತೊಡಗಿದರು. ಇದರ ಮೂಲ ಸಂಕೇತ ಎಲ್ಲರಿಗೂ ಮುಕ್ತ. ಬಹುಕಾಲ ಇದು ಹೆಚ್ಚು ಜನರಿಗೆ ತಿಳಿದಿರಲಿಲ್ಲ. ತಿರುವು ಬಂದದ್ದು ಭೌತವಿಜ್ಞಾನಿಗಳಿಂದ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಎಂಜಿನಿಯರುಗಳು ತಮ್ಮ ವೇಗೋತ್ಕರ್ಷಕಗಳ ನಿಯಂತ್ರಣ ಫಲಕಗಳ ನಕ್ಷೆಗಳನ್ನು ಜಗತ್ತಿನೊಡನೆ ಹಂಚಿಕೊಳ್ಳಲು ಬಯಸಿದರು. 2011ರಲ್ಲಿ ಮುಕ್ತ ಯಂತ್ರಾಂಶಕ್ಕೆಂದೇ ಒಂದು ಪರವಾನಗಿಯನ್ನೂ ರೂಪಿಸಿದರು. ಆದರೆ ನಕ್ಷೆ ಮುಕ್ತವಾಗಿದ್ದು ಅದನ್ನು ತೆರೆಯುವ ತಂತ್ರಾಂಶಕ್ಕೆ ದೊಡ್ಡ ಬೆಲೆ ತೆರಬೇಕಾದರೆ ಹಂಚಿಕೊಂಡು ಏನು ಪ್ರಯೋಜನ? 2013ರಿಂದ ಸರ್ನ್ ಕಿಕ್ಯಾಡ್‌ನ ಬೆಳವಣಿಗೆಗೆ ತನ್ನವರನ್ನು ತೊಡಗಿಸಿತು. ಹೊಸ ಹಾದಿ ಎಳೆಯುವಾಗ ಅಡ್ಡ ಬಂದ ಹಾದಿಗಳನ್ನು ಮೆಲ್ಲಗೆ ಸರಿಸಿ ಜಾಗ ಮಾಡಿಕೊಡುವ ಸೌಲಭ್ಯ ಆ ಕೊಡುಗೆಗಳಲ್ಲಿ ಒಂದು. 2018ರ ಐದನೆಯ ಆವೃತ್ತಿ ಈಗಲ್ ಕಡತಗಳನ್ನು ಓದಲು ಕಲಿಯಿತು.

ನಮ್ಮಲ್ಲಿ ಐ.ಐ.ಟಿ. ಬಾಂಬೆಯ ಫಾಸಿ ಯೋಜನೆಯವರು ರೂಪಿಸಿದ ಇ-ಸಿಮ್ ಕೂಡ ಕಿಕ್ಯಾಡ್ ಮತ್ತು ಎನ್‌ಜಿ-ಸ್ಪೈಸ್ ಎಂಬ ಮುಕ್ತ ತಂತ್ರಾಂಶಗಳನ್ನು ಜೋಡಿಸಿ ಮಾಡಿದ್ದು. ಮಂಡಲದ ವರ್ತನೆಯನ್ನು ಲೆಕ್ಕಹಾಕುವುದಕ್ಕೂ ಫಲಕದ ನಕ್ಷೆ ಬರೆಯುವುದಕ್ಕೂ ಅದನ್ನು ಬಳಸಬಹುದು.

ಆಯ್ಕೆ ಮಾಡುವಾಗ

ಇತಿಹಾಸದಿಂದ ನಮ್ಮ ಪ್ರಶ್ನೆಗೆ ಹಿಂದಿರುಗೋಣ. ಸಣ್ಣ ಸಾಧನ ಎಂದರೆ ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ಪದರ, ನೂರರೊಳಗೆ ಘಟಕಗಳು. ಇಷ್ಟಕ್ಕೆ ಇಂದಿನ ಯಾವ ತಂತ್ರಾಂಶವೂ ಸಾಕು. ಹಾಗಾಗಿ ಯಾವುದರಲ್ಲಿ ಹೆಚ್ಚು ಸೌಲಭ್ಯಗಳಿವೆ ಎಂಬುದಕ್ಕಿಂತ ಮೊದಲು ಈ ನಾಲ್ಕನ್ನು ಕೇಳಿ.

ಒಂದು, ಕಡತ ಪಠ್ಯರೂಪದಲ್ಲಿದೆಯೆ, ಅದನ್ನು ಬೇರೊಂದು ತಂತ್ರಾಂಶ ಓದಬಲ್ಲದೆ? ಎರಡು, ಪರವಾನಗಿ ಏನು ಹೇಳುತ್ತದೆ? ಕಲಿಕೆಗೆ ಉಚಿತವಾಗಿರುವ ಕೆಲವು ಆವೃತ್ತಿಗಳಲ್ಲಿ ಬರೆದ ಫಲಕವನ್ನು ಮಾರುವಂತಿಲ್ಲ. ನಕಲು ಮಾಡಿದ ಪ್ರತಿಯಿಂದ ಉದ್ಯಮ ಕಟ್ಟುವುದಂತೂ ಮರಳಿನ ಮೇಲೆ ಮನೆ ಕಟ್ಟಿದಂತೆ. ಮೂರು, ಜಾಲ ಸಂಪರ್ಕವಾಗಲಿ ಚಂದಾ ಆಗಲಿ ನಿಂತರೆ ನಿಮ್ಮ ನಕ್ಷೆಯನ್ನು ತೆರೆಯಬಹುದೆ? ಕೆಲವು ಉಚಿತ ಸೇವೆಗಳಲ್ಲಿ ನಕ್ಷೆ ಇರುವುದು ಬೇರೆಯವರ ಗಣಕದಲ್ಲಿ. ನಾಲ್ಕು, ಯಾವ ತಯಾರಕರಿಗೆ ಕೊಟ್ಟರೂ ನಡೆಯುವ ಗರ್ಬರ್ ಕಡತವೂ ರಂಧ್ರಗಳ ಕಡತವೂ ಹೊರಬರುತ್ತವೆಯೆ?

ಹೀಗೆಂದ ಮಾತ್ರಕ್ಕೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಬೇಡವೆಂದಲ್ಲ. ಗ್ರಾಹಕ ಅದೇ ರೂಪದ ಕಡತ ಕೇಳಿದರೆ, ಅತಿ ವೇಗದ ಸಂಕೇತಗಳ ವಿಶ್ಲೇಷಣೆ ಬೇಕಿದ್ದರೆ, ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಆಗಲೂ ಮಂಡಲದ ಚಿತ್ರದ ಪಿ.ಡಿ.ಎಫ್. ಪ್ರತಿ, ನೆಟ್‌ಲಿಸ್ಟ್, ಘಟಕಗಳ ಪಟ್ಟಿ, ಗರ್ಬರ್ ಕಡತ ಇವಿಷ್ಟನ್ನು ಮೂಲ ನಕ್ಷೆಯ ಜೊತೆಗೇ ಕಟ್ಟಿಡಿ.

ತಂತ್ರಾಂಶ ಒಪ್ಪಿದ ಮಾತ್ರಕ್ಕೆ ಫಲಕ ಸರಿಯಾಯಿತು ಎಂದೂ ತಿಳಿಯಬೇಡಿ. ಸಾಮಾನ್ಯ ಫಲಕದ ತಾಮ್ರದ ದಪ್ಪ 35 ಮೈಕ್ರೋಮೀಟರ್. 0.25 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಉದ್ದದ ಹಾದಿಯ ರೋಧ ಸುಮಾರು 0.2 ಓಮ್. ಅದರಲ್ಲಿ ಒಂದು ಆಂಪಿಯರ್ ಹರಿದರೆ 0.2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹಾದಿಗಳ ಅಂತರವನ್ನು ಅಳೆಯುವ ಪರೀಕ್ಷೆ ಇದನ್ನು ಎತ್ತಿ ಹೇಳದು. ಓಮನ ನಿಯಮವನ್ನು ನೀವೇ ಹಚ್ಚಬೇಕು.

ಅಧ್ಯಾಪಕ ಮಿತ್ರರಿಗೆ ಒಂದು ಸಲಹೆ. ವಿದ್ಯಾರ್ಥಿಗಳಿಂದ ಒಂದು ಸಣ್ಣ ಫಲಕದ ನಕ್ಷೆ ಬರೆಸಿ. ಮುಗಿದ ಮೇಲೆ ಆ ತಂತ್ರಾಂಶವೇ ಇಲ್ಲದ ಇನ್ನೊಂದು ಗಣಕದಲ್ಲಿ ಕಡತವನ್ನು ತೆರೆಯಲು ಹೇಳಿ, ಒಂದು ರಂಧ್ರವನ್ನು ಎರಡು ಮಿಲಿಮೀಟರ್ ಸರಿಸಲು ಹೇಳಿ. ನಮ್ಮ ಇಬ್ಬರು ವಿದ್ಯಾರ್ಥಿಗಳು ಮೂರು ವಾರಗಳಲ್ಲಿ ಕಲಿತ ಪಾಠವನ್ನು ಅವರು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ಆಮೇಲೆ ಯಾವ ತಂತ್ರಾಂಶ ಎಂಬುದನ್ನು ಅವರೇ ಆರಿಸಿಕೊಳ್ಳಲಿ.